ಸೂಜಿ ಮೇಲೆ ಸಿಟ್ಟಿಲ್ಲ, ಪ್ಯಾಕೇಜ್ ಮೇಲೆ ಸಿಟ್ಟು

1/8

ಫೋಟೋದಲ್ಲಿ ಇರೋದು ನಮ್ಮಜ್ಜಿ ಮೊಣಕಾಲು. ಕೇಳೇ ಹಾಕಿದ್ದೀನಿ. "ಮುಖ ಬೇಡ ಕಣೇ, ಕಾಲು ಬೇಕಾದ್ರೆ ಹಾಕ್ಕೋ, ಅದು ಬೇರೆ ಯಾವ ಕೆಲಸಕ್ಕೂ ಬರ್ತಿಲ್ಲ" ಅಂದ್ಲು.

ಈ ಸಲ ಎಂಟು ಪೋಸ್ಟ್, ಎಲ್ಲಾ ಅಕ್ಯುಪಂಕ್ಚರ್ ಬಗ್ಗೆ. ಸೂಜಿ ಚುಚ್ಚಿ ನೋವು ಕಳೀತೀವಿ ಅಂತಾರಲ್ಲ, ಅದೇ. ಬೋರ್ ಆದ್ರೆ ಸ್ಕ್ರೋಲ್ ಮಾಡ್ಕೊಂಡು ಹೋಗಿ, ಬೇಜಾರಿಲ್ಲ. ಆದ್ರೆ ಯುಗಾದಿ ಹೊತ್ತಲ್ಲಿ ನಾನು ಸ್ಟೋರಿಗೆ ಹಾಕಿದ್ದ ಒಂದು ರೀಲ್‌ನ ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ರಿ. "ಶುಗರ್, ಬಿಪಿ, ಥೈರಾಯ್ಡ್, ಮಂಡಿ ನೋವು: ಮಾತ್ರೆ ಇಲ್ಲದೆ 20 ಸಿಟ್ಟಿಂಗ್‌ನಲ್ಲಿ ಮಾಯ" ಅಂತ ಇತ್ತು, ಹಿಂದೆ ಕೊಳಲು ಮ್ಯೂಸಿಕ್. ನೆನಪಾಯ್ತಾ? ನೀವು ಮಾತ್ರ ಕೊನೆವರೆಗೂ ಓದ್ಲೇಬೇಕು. ಮೊದಲು ಹಾಕಿದ್ದು ನಾನೇ, ಹಾಗಾಗಿ ಮೊದಲ ಬೈಗುಳ ನಂಗೇ ಇರಲಿ.

ಅದನ್ನ ಫ್ಯಾಮಿಲಿ ಗ್ರೂಪ್‌ಗೂ ಹಾಕ್ದೆ. ಓದಿರೋ ಹುಡುಗಿ ಕಳಿಸಿದ್ದಾಳೆ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ಅಪ್ಪ ಅಜ್ಜಿನ ಕರ್ಕೊಂಡು ಹೋದ್ರು. 20 ಸಿಟ್ಟಿಂಗ್‌ಗೆ 15,000, ಇವತ್ತೇ ಕಟ್ಟಿದ್ರೆ 12,000. ಕಟ್ಟಿದ್ವಿ. ಮೂರನೇ ಸಿಟ್ಟಿಂಗ್‌ನಲ್ಲಿ ಆ ಮನುಷ್ಯ ಅಜ್ಜಿಗೆ ಹೇಳಿದ್ದು: "ಶುಗರ್ ಮಾತ್ರೆ ಒಳಗಿರೋ ತನಕ ಶಕ್ತಿ ಹರಿಯಲ್ಲ ತಾಯಿ, ನಿಲ್ಸಿಬಿಡಿ." ಅಜ್ಜಿ ನಿಲ್ಸಿದ್ಲು. ನಮಗ್ಯಾರಿಗೂ ಹೇಳ್ಲಿಲ್ಲ. ಡಬ್ಬಿಯಿಂದ ದಿನಾ ಮಾತ್ರೆ ತೆಗೆದು ತುಳಸಿ ಕಟ್ಟೆ ಹಿಂದೆ ಎಸೀತಿದ್ಲಂತೆ. ಐದು ವಾರ ಆದ್ಮೇಲೆ ಒಂದು ರಾತ್ರಿ ಬಚ್ಚಲಮನೆ ಬಾಗಿಲಲ್ಲಿ ತಲೆ ಸುತ್ತಿ ಕೂತುಬಿಟ್ಲು. ಆಸ್ಪತ್ರೇಲಿ ನೋಡಿದ್ರೆ ಶುಗರ್ 412. ಮೂರು ದಿನ ಡ್ರಿಪ್, ಇನ್ಸುಲಿನ್. ಈಗ ಚೆನ್ನಾಗಿದ್ದಾಳೆ. ಚೆನ್ನಾಗಿಲ್ದೇ ಇದ್ದಿದ್ರೆ ಈ ಪೋಸ್ಟ್ ಬರೆಯೋ ಧೈರ್ಯ ನಂಗೆ ಇರ್ತಿರ್ಲಿಲ್ಲ.

2/8

ಆಸ್ಪತ್ರೆಯಿಂದ ಬಂದ್ಮೇಲೆ ಎರಡು ಥರದ ಜನ ಸಿಕ್ಕಿದ್ರು.

ಒಬ್ಬರು: "ಅಯ್ಯೋ, ಅಕ್ಯುಪಂಕ್ಚರ್ ಅಂದ್ರೆ ಬರೀ ಓಳು ಗುರೂ, ಗೊತ್ತಿರ್ಲಿಲ್ವಾ?" ಇನ್ನೊಬ್ಬರು: "ಇಲ್ಲಮ್ಮ, ನಿಮ್ಮಜ್ಜಿ 20 ಸಿಟ್ಟಿಂಗ್ ಪೂರ್ತಿ ಮಾಡ್ಬೇಕಿತ್ತು, ನಂಬಿಕೆ ಸಾಲ್ದು." ಈ ಎರಡನೇ ಮಾತು ಆ ಸೆಂಟರ್‌ನವರದ್ದೂ ಕೂಡ. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರಸಿದ ಹಾಗೆ.

ನಂಗೆ ಇಬ್ಬರ ಮೇಲೂ ಸಿಟ್ಟು. ಮೊದಲನೆಯವರು ಒಂದು ಪುಟನೂ ಓದಿಲ್ಲ. ಎರಡನೆಯವರು ಓದಕ್ಕೆ ಬಿಡಲ್ಲ. ಪರೀಕ್ಷೆ ಮುಗಿದು ರಜಾ ಇತ್ತು, ನಾನು ಕೂತು ಓದ್ದೆ. ಓದಿ ಅರ್ಥ ಆಗಿದ್ದು ಇಷ್ಟು: ಅಕ್ಯುಪಂಕ್ಚರ್ ಒಂದು ಸಣ್ಣ ವಸ್ತು. ಕೆಲವು ನೋವುಗಳಿಗೆ, ಕೆಲವರಿಗೆ, ಒಂದಷ್ಟು ಆರಾಮ ಕೊಡುತ್ತೆ. ಸಣ್ಣ ವಸ್ತುನ ಸಣ್ಣದು ಅಂತ ಹೇಳಿ ಮಾರಿದ್ರೆ ಅದು ವ್ಯಾಪಾರ. ಹತ್ತು ಪಟ್ಟು ದೊಡ್ಡದು ಅಂತ ಹೇಳಿ ಮಾರಿದ್ರೆ ಅದಕ್ಕೆ ಬೇರೆ ಹೆಸರಿದೆ. ನಾನು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ತೂಕದಲ್ಲಿ ಮೋಸ ಅಂದ್ರೇನು ಅಂತ ಗೊತ್ತಾಗಕ್ಕೆ ಎಂಬಿಬಿಎಸ್ ಬೇಕಾಗಿಲ್ಲ.

3/8

ಮೊದಲು ಆ ವಾಟ್ಸಾಪ್ ಪುರಾಣ ಮುಗಿಸೋಣ. "ನಮ್ಮ ಪೂರ್ವಜರು ಕಿವಿ ಚುಚ್ಚಿಸ್ತಿದ್ದದ್ದೇ ಅಕ್ಯುಪಂಕ್ಚರ್" ಅಂತ ಕಿವಿ ಚಿತ್ರದ ಮೇಲೆ ಚುಕ್ಕಿ ಇಟ್ಟು ಕಳಿಸ್ತಾರಲ್ಲ, ತಲೆಕೆಳಗಾದ ಮಗುವಿನ ಆಕಾರದಲ್ಲಿ? ಆ ನಕ್ಷೆ ಮೂಲ ಫ್ರಾನ್ಸ್‌ನದ್ದು. ಪಾಲ್ ನೋಜಿಯೇ ಅನ್ನೋ ಫ್ರೆಂಚ್ ಡಾಕ್ಟರ್ 1950ರ ದಶಕದಲ್ಲಿ ಮಾಡಿದ್ದು. ನಮ್ಮಜ್ಜಿ ಕಿವಿಗೆ ಚುಚ್ಚಿದ್ದು ಓಲೆ ಹಾಕಕ್ಕೆ, ಅಷ್ಟೇ.

ಸೂಜಿ ಚಿಕಿತ್ಸೆ ಚೀನಾದ್ದು. ಹಳೇ ಗ್ರಂಥ 'ಹುವಾಂಗ್‌ಡಿ ನೇಯ್‌ಜಿಂಗ್' ಎರಡು ಸಾವಿರ ವರ್ಷದಷ್ಟು ಹಿಂದಿನದು. ಮೈಯೊಳಗೆ 'ಚೀ' ಅನ್ನೋ ಶಕ್ತಿ ಹರಿಯುತ್ತೆ, ಹರಿಯೋ ದಾರಿಗಳಿಗೆ ಮೆರಿಡಿಯನ್ ಅಂತಾರೆ, ಮುಖ್ಯವಾದವು 12. ದಾರಿ ಕಟ್ಟಿಕೊಂಡ್ರೆ ಕಾಯಿಲೆ, ಸೂಜಿ ಇಟ್ರೆ ಬಿಡುಗಡೆ. ವಿಶ್ವ ಆರೋಗ್ಯ ಸಂಸ್ಥೆ ಜಾಗ ಗೊತ್ತುಮಾಡಿ 2008ರಲ್ಲಿ ಪಟ್ಟಿ ಮಾಡಿರೋ ಬಿಂದುಗಳು 361.

"ಚೀನಾದವರೆಲ್ಲ ಸಾವಿರಾರು ವರ್ಷದಿಂದ ನಂಬಿದ್ದಾರೆ" ಅನ್ನೋದೂ ಪೂರ್ತಿ ನಿಜ ಅಲ್ಲ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆ ವೈದ್ಯಶಾಲೆಯಿಂದ ಇದನ್ನ ತೆಗೆಸಿಹಾಕಿದ್ದ. ಮತ್ತೆ ದೊಡ್ಡದಾಗಿ ಎಬ್ಬಿಸಿದ್ದು 1950ರ ನಂತರ, ಮಾವೋ ಕಾಲದಲ್ಲಿ. ಅಷ್ಟು ದೊಡ್ಡ ದೇಶಕ್ಕೆ ಆಗ ಡಾಕ್ಟರ್‌ಗಳೇ ಸಾಲ್ತಿರ್ಲಿಲ್ಲ. ನಮ್ಮ ದೇಶಕ್ಕೆ ತಂದವರೂ ಯಾವ ಋಷಿಯೂ ಅಲ್ಲ, ಕಲ್ಕತ್ತಾದ ಡಾ. ಬಿ.ಕೆ. ಬಸು. 1938ರಲ್ಲಿ ಯುದ್ಧದ ಮಧ್ಯೆ ಚೀನಾಕ್ಕೆ ಹೋದ ಐದು ಭಾರತೀಯ ಡಾಕ್ಟರ್‌ಗಳಲ್ಲಿ ಒಬ್ಬರು, ಡಾ. ಕೋಟ್ನಿಸ್ ಜೊತೆಗಾರ. 1950ರ ದಶಕದ ಕೊನೇಲಿ ಮತ್ತೆ ಹೋಗಿ ಕಲಿತು ಬಂದ್ರು. ಹಳೇದು ಅನ್ನೋದು ಕೆಲಸ ಮಾಡುತ್ತೆ ಅನ್ನೋದಕ್ಕೆ ಸಾಕ್ಷಿ ಆಗಲ್ಲ ಕಣ್ರೋ. ವರದಕ್ಷಿಣೆಯೂ ಹಳೇದೇ.

ಇನ್ನೊಂದು ಪುರಾಣ: "ಮಂಪರು ಕೊಡದೆ ಬರೀ ಸೂಜಿಯಿಂದ ಆಪರೇಷನ್." 1971ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿ ಅಪೆಂಡಿಕ್ಸ್ ತೆಗೆಸಿಕೊಂಡ್ರು, ಅದರ ಬಗ್ಗೆ ಬರೆದ್ರು, ಅಮೆರಿಕಾ ಪೂರ್ತಿ ಸೂಜಿ ಹುಚ್ಚು ಹತ್ತಿದ್ದು ಅಲ್ಲಿಂದ. ಆದ್ರೆ ಅವರೇ ಬರೆದಿರೋ ಪ್ರಕಾರ ಆಪರೇಷನ್ ಮಾಡಿದ್ದು ಮಾಮೂಲಿ ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು. ಸೂಜಿ ಇಟ್ಟಿದ್ದು ಆಮೇಲೆ, ಹೊಟ್ಟೆ ಉಬ್ಬರಕ್ಕೆ. 2006ರಲ್ಲಿ ಬಿಬಿಸಿ ತೋರಿಸಿದ ಎದೆ ಆಪರೇಷನ್‌ನಲ್ಲೂ ಅಷ್ಟೇ, ಸೂಜಿ ಜೊತೆಗೆ ಬಲವಾದ ನೋವಿನ ಔಷಧಿ, ಮಂಪರು ಔಷಧಿ, ಮರಗಟ್ಟಿಸೋ ಇಂಜೆಕ್ಷನ್ ಎಲ್ಲಾ ಕೊಟ್ಟಿದ್ರು. ರೀಲ್‌ನಲ್ಲಿ ಆ ಭಾಗ ಕಟ್ ಆಗಿರುತ್ತೆ.

4/8

ಸರಿ, ಹಾಗಾದ್ರೆ ಇದು ಕೆಲಸ ಮಾಡೋದು ಹೇಗೆ?

'ಚೀ' ಹರಿಯೋ ನಾಳ ಯಾವುದನ್ನೂ ಯಾರೂ ಶವ ಕೊಯ್ದಾಗಲಿ ಸ್ಕ್ಯಾನ್ ಮಾಡಿಯಾಗಲಿ ತೋರಿಸಿಲ್ಲ. ಆದ್ರೆ ಸೂಜಿ ಹೋಗೋದು ಗಾಳಿಗಲ್ಲ, ಚರ್ಮ, ಮಾಂಸಖಂಡದ ಒಳಗೆ. ಅಲ್ಲಿ ನರಗಳಿವೆ. ನರ ಎದ್ದು ಬೆನ್ನುಹುರಿಗೂ ಮಿದುಳಿಗೂ ಸುದ್ದಿ ಕಳಿಸುತ್ತೆ, ಮಿದುಳು ತನ್ನದೇ ನೋವಿನ ಮದ್ದು ಎಂಡಾರ್ಫಿನ್ ಬಿಡುತ್ತೆ. 1970ರ ದಶಕದಲ್ಲಿ ಒಂದು ಜಾಣ ಪ್ರಯೋಗ ಮಾಡಿದ್ರು. ಅಫೀಮಿನ ಜಾತಿಯ ವಸ್ತುಗಳ ಕೆಲಸ ತಡೆಯೋ ನಲೋಕ್ಸೋನ್ ಅನ್ನೋ ಔಷಧಿ ಇದೆ. ಅದನ್ನ ಕೊಟ್ಟಾಗ ಸೂಜಿಯಿಂದ ಸಿಕ್ಕ ಆರಾಮವೂ ಇಳಿದುಹೋಯ್ತು. ಅಂದ್ರೆ ಆರಾಮ ಬಂದಿದ್ದು ಮೈಯ ಸ್ವಂತ ಮದ್ದಿಂದ ಇರಬೇಕು. 2010ರಲ್ಲಿ ಇಲಿಗಳ ಮೇಲೆ ಇನ್ನೊಂದು ಪ್ರಯೋಗ: ಸೂಜಿ ಇಟ್ಟು ತಿರುಗಿಸಿದ ಜಾಗದ ಸುತ್ತ ಅಡೆನೋಸಿನ್ ಅನ್ನೋ ವಸ್ತು ಜಾಸ್ತಿ ಆಯ್ತು, ಅದು ಅಲ್ಲೇ ಇರೋ ನೋವಿನ ನರವನ್ನ ಸುಮ್ಮನಾಗಿಸುತ್ತೆ.

ಗಮನ ಇಡಿ: ಇದೆಲ್ಲಾ ನೋವಿನ ಕಥೆ. ಶುಗರ್ ಕಥೆ ಅಲ್ಲ, ಥೈರಾಯ್ಡ್ ಕಥೆ ಅಲ್ಲ. ನೋವಿನ ಬಗ್ಗೆ ಇರೋ ಅರ್ಧ ನಿಜದ ಮೇಲೆ ಮಿಕ್ಕ ಕಾಯಿಲೆಗಳನ್ನೆಲ್ಲ ಹತ್ತಿಸಿಕೊಂಡು ಹೋಗ್ತಾರೆ, ಒಂದು ಬೈಕ್ ಮೇಲೆ ಐದು ಜನ ಕೂತ ಹಾಗೆ.

5/8

ಈಗ ನನ್ನ ಏರಿಯಾ. ನಂಬರ್.

ಹೊಸ ಔಷಧಿ ಪರೀಕ್ಷೆ ಮಾಡುವಾಗ ಅರ್ಧ ಜನಕ್ಕೆ ಬರೀ ಸಕ್ಕರೆ ಮಾತ್ರೆ ಕೊಡ್ತಾರೆ, ಯಾರಿಗೆ ಯಾವುದು ಅಂತ ಹೇಳಲ್ಲ. ಸೂಜಿಗೆ ಹಾಗೆ ಮಾಡೋದು ಹೇಗೆ? ಚುಚ್ಚಿದ್ದು ಗೊತ್ತಾಗುತ್ತಲ್ಲ. ಅದಕ್ಕೆ ಸುಳ್ಳು ಸೂಜಿ ಕಂಡುಹಿಡಿದ್ರು. ಕಂಪನಿ ನಾಟಕದ ಚೂರಿ ನೋಡಿದ್ದೀರಲ್ಲ, ಚುಚ್ಚಿದ್ರೆ ಅಲಗು ಹಿಡಿಯೊಳಗೆ ಹೋಗುತ್ತಲ್ಲ, ಹಂಗೆ. ಇಲ್ಲಾಂದ್ರೆ ಬಿಂದು ಅಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚೋದು.

ಜರ್ಮನಿಯಲ್ಲಿ ಸೊಂಟ ನೋವಿನ 1,162 ಜನರ ಮೇಲೆ ಇಂಥ ಪರೀಕ್ಷೆ ಮಾಡಿದ್ರು, ಫಲಿತಾಂಶ ಬಂದಿದ್ದು 2007ರಲ್ಲಿ. ಅರ್ಧ ಗಂಟೆಯ 10 ಸಿಟ್ಟಿಂಗ್, ಸ್ವಲ್ಪ ಗುಣ ಕಂಡವರಿಗೆ ಇನ್ನೂ 5. ಆರು ತಿಂಗಳಾದ್ಮೇಲೆ ನೋಡಿದಾಗ ಸುಧಾರಿಸಿದವರು: ನಿಜವಾದ ಅಕ್ಯುಪಂಕ್ಚರ್ ಗುಂಪಲ್ಲಿ 47.6%, ಬಿಂದು ತಪ್ಪಿಸಿ ಚುಚ್ಚಿದ ಗುಂಪಲ್ಲಿ 44.2%, ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮದ ಗುಂಪಲ್ಲಿ 27.4%.

ಇನ್ನೊಂದ್ಸಲ ಓದಿ. ನಾನು ನಾಲ್ಕು ಸಲ ಓದ್ದೆ.

ಸೆಂಟರ್‌ನವರು ಇದರಲ್ಲಿ 47.6 ಮತ್ತೆ 27.4 ಮಾತ್ರ ತೋರಿಸ್ತಾರೆ. "ಇಂಗ್ಲಿಷ್ ಮೆಡಿಸಿನ್‌ನ ಸೋಲಿಸ್ತು!" ಓಳು ಅನ್ನೋರು 47.6 ಮತ್ತೆ 44.2 ಮಾತ್ರ ತೋರಿಸ್ತಾರೆ. ಮೂರೂ ಒಂದೇ ಪುಟದಲ್ಲಿವೆ. ಎಲ್ಲಿ ಚುಚ್ಚಿದ್ರು ಅನ್ನೋದಕ್ಕೆ ಬೆಲೆ ತುಂಬಾ ಕಡಿಮೆ. ಯಾರೋ ಕೂರಿಸಿ, ಕೇಳಿಸಿಕೊಂಡು, ಮಲಗಿಸಿ, ಅರ್ಧ ಗಂಟೆ ಮೈ ಮೇಲೆ ಗಮನ ಇಟ್ರಲ್ಲ, ಅದಕ್ಕೆ ಬೆಲೆ ಜಾಸ್ತಿ. 2012ರಲ್ಲಿ 29 ಪರೀಕ್ಷೆಗಳ ಸುಮಾರು 18,000 ಜನರ ಲೆಕ್ಕ ಒಟ್ಟಿಗೆ ಹಾಕಿದಾಗಲೂ ಇದೇ ಆಕಾರ: ಏನೂ ಮಾಡಿಸಿಕೊಳ್ಳದವರಿಗಿಂತ ಚೆನ್ನಾಗೇ ವ್ಯತ್ಯಾಸ, ಸುಳ್ಳು ಸೂಜಿಗಿಂತ ಸ್ವಲ್ಪವೇ ವ್ಯತ್ಯಾಸ.

ಇಂಗ್ಲೆಂಡ್‌ನಲ್ಲಿ ಯಾವ ಚಿಕಿತ್ಸೆ ಕೊಡಬಹುದು ಅಂತ ಹೇಳೋ ನೈಸ್ ಅನ್ನೋ ಸಂಸ್ಥೆ ಇದೆ. ಮೈಗ್ರೇನ್ ಬರದ ಹಾಗೆ ತಡೆಯಕ್ಕೆ, ಬೇರೆ ಔಷಧಿ ಆಗಿಬರದಿದ್ರೆ, 10 ಸಿಟ್ಟಿಂಗ್‌ವರೆಗೆ ಯೋಚಿಸಬಹುದು ಅನ್ನುತ್ತೆ. ಮಂಡಿ ಸವೆತಕ್ಕೆ ಕೊಡಬೇಡಿ ಅಂತ 2022ರಲ್ಲಿ ಹೇಳಿದೆ. ಅಮೆರಿಕಾದ ಕೀಲು ವೈದ್ಯರ ಸಂಘ 2019ರಲ್ಲಿ ಅದೇ ಮಂಡಿಗೆ ಕೆಲವು ಷರತ್ತು ಹಾಕಿ ಮಾಡಿಸಬಹುದು ಅಂದಿದೆ. ಓದಿದ ದೊಡ್ಡವರೇ ಹೀಗೆ ಹಿಂದೆಮುಂದೆ ನೋಡ್ತಿರೋ ವಿಷಯದಲ್ಲಿ ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಫ್ಲೆಕ್ಸ್ ಮಾತ್ರ "100% ಗ್ಯಾರಂಟಿ" ಅನ್ನುತ್ತೆ!

6/8

ಇಷ್ಟೆಲ್ಲ ಆದ್ಮೇಲೂ ನಿಮ್ಮ ಮನೇಲಿ ಯಾರಾದ್ರೂ ಹೋಗ್ತೀನಿ ಅಂದ್ರೆ, ಕಾಲು ಹಿಡಿದು ತಡೀಬೇಡಿ. ಜೊತೆಗೆ ಹೋಗಿ. ಮೊದಲ ದಿನ ಏನಾಗುತ್ತೆ ಅಂತ ಗೊತ್ತಿದ್ರೆ ಎಲ್ಲಿ ತಪ್ಪಾಗ್ತಿದೆ ಅಂತಾನೂ ಗೊತ್ತಾಗುತ್ತೆ. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ.

ಮೊದಲು ಮಾತು. ನೋವು ಎಲ್ಲಿ, ಎಷ್ಟು ದಿನದಿಂದ, ನಿದ್ದೆ, ಹೊಟ್ಟೆ, ಯಾವ ಮಾತ್ರೆ. ನಾಲಿಗೆ ನೋಡ್ತಾರೆ, ಎರಡೂ ಕೈ ನಾಡಿ ಹಿಡೀತಾರೆ, ಅದು ಅವರ ಪದ್ಧತಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ, ಪೇಸ್‌ಮೇಕರ್ ಇದ್ರೆ, ಬಸುರಿ ಆಗಿದ್ರೆ, ಅವರು ಕೇಳದಿದ್ರೂ ನೀವೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡೋದು ಬೇಡವೇ ಬೇಡ.

ಸೂಜಿ ನೋಡಿ ಹೆದರಬೇಡಿ. ಇಂಜೆಕ್ಷನ್ ಸೂಜಿ ಥರ ಟೊಳ್ಳಲ್ಲ, ಗಟ್ಟಿ, ಕೂದಲಿಗಿಂತ ದಪ್ಪ, ಸುಮಾರು ಕಾಲು ಮಿಲಿಮೀಟರ್. ನೋಡಬೇಕಾದ್ದು ಒಂದೇ: ಸೀಲ್ ಇರೋ ಪ್ಯಾಕೆಟ್ ನಿಮ್ಮ ಕಣ್ಣೆದುರಿಗೇ ಹರೀಬೇಕು, ಕೆಲಸ ಮುಗಿದ್ಮೇಲೆ ಸೂಜಿ ಗಟ್ಟಿ ಡಬ್ಬಿಗೆ ಹೋಗ್ಬೇಕು. ಸ್ಪಿರಿಟ್‌ನಲ್ಲಿ ಅದ್ದಿಟ್ಟ ಸ್ಟೀಲ್ ಡಬ್ಬಿಯಿಂದ ಸೂಜಿ ತೆಗೆದ್ರೆ ಎದ್ದು ಬನ್ನಿ. ನಾಚಿಕೆ ಬೇಡ. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದ್ರೆ ಹೆಪಟೈಟಿಸ್ ಬರಬಹುದು.

ಚುಚ್ಚುವಾಗ ಇರುವೆ ಕಚ್ಚಿದಷ್ಟು. ಆಮೇಲೆ ಒಳಗೆ ಒಂಥರಾ ಭಾರ, ಜುಂ ಅನ್ನೋದು, ಮಂದ ನೋವು. ಅವರು ಅದಕ್ಕೆ 'ದೇ ಚೀ' ಅಂತಾರೆ, ಬರಬೇಕು ಅಂತಾನೇ ಬಯಸ್ತಾರೆ. ಕರೆಂಟ್ ಹೊಡೆದ ಹಾಗೆ ಚಳಕು ಬಂದ್ರೆ ತಕ್ಷಣ ಹೇಳಿ. 20-30 ನಿಮಿಷ ಅಲುಗಾಡದೆ ಮಲಗಬೇಕು. ನಮ್ಮಜ್ಜಿ ಗೊರಕೆ ಹೊಡೆದಿದ್ದಾಳೆ. ತೆಗೆದಾಗ ಒಂದು ಹನಿ ರಕ್ತ, ಒಂದು ಸಣ್ಣ ನೀಲಿ ಕಲೆ, ಇದು ಮಾಮೂಲಿ. ಕೆಲವರಿಗೆ ಮೊದಲ ಸಲ ತಲೆ ಸುತ್ತುತ್ತೆ, ಅದಕ್ಕೇ ಖಾಲಿ ಹೊಟ್ಟೇಲಿ ಹೋಗಬೇಡಿ, ಮಲಗೇ ಮಾಡಿಸಿಕೊಳ್ಳಿ, ಪಟ್ಟಂತ ಏಳಬೇಡಿ. ಚುಚ್ಚಿದ್ದೆಷ್ಟು ತೆಗೆದಿದ್ದೆಷ್ಟು ಎಣಿಸಿಕೊಳ್ಳಿ (ಬಿಕಾಂ ಬುದ್ಧಿ). ತುಂಬಾ ಅಪರೂಪಕ್ಕೆ ಎದೆ, ಭುಜದ ಹತ್ತಿರ ಆಳಕ್ಕೆ ಹೋದ ಸೂಜಿ ಶ್ವಾಸಕೋಶಕ್ಕೆ ತಾಗಿರೋದುಂಟು. ಆಮೇಲೆ ಉಸಿರು ಹಿಡಿದ್ರೆ ಅವರಿಗೆ ಫೋನ್ ಮಾಡ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ.

ಒಂದೇ ಸಲಕ್ಕೆ ನೋವು ಹೋಗಲ್ಲ. ಆರೇಳು ಸಲ ಆದ್ಮೇಲೂ ಮೆಟ್ಟಿಲು ಹತ್ತೋದು, ನಿದ್ದೆ ಮಾಡೋದು ಒಂಚೂರೂ ಸುಲಭ ಆಗ್ಲಿಲ್ಲ ಅಂದ್ರೆ ನಿಲ್ಸಿ. ಆಗ "ಇನ್ನೂ ಹತ್ತು ಬೇಕು" ಅನ್ನೋದು ಯಾಕೆ ಅಂತ ಮುಂದಿನ ಪೋಸ್ಟ್‌ನಲ್ಲಿದೆ.

7/8

20 ಸಿಟ್ಟಿಂಗ್ ಮುಂಗಡ ಪ್ಯಾಕೇಜ್. ಇಲ್ಲೇ ಇರೋದು ರೋಗ.

ಒಂದೊಂದು ಸಲಕ್ಕೆ ದುಡ್ಡು ತಗೊಳ್ಳೋ ಮನುಷ್ಯ ಪ್ರತಿ ಸಲ ನಿಮ್ಮನ್ನ ಒಪ್ಪಿಸಬೇಕು. ಮುಂಗಡ ತಗೊಂಡವನಿಗೆ ನೀವು ಗುಣ ಆದ್ರೂ ಅಷ್ಟೇ, ಆಗದಿದ್ರೂ ಅಷ್ಟೇ, ಮಧ್ಯದಲ್ಲಿ ಬಿಟ್ರೆ ಅವನಿಗೇ ಲಾಭ. ನೀವೋ ಕಟ್ಟಿದ ದುಡ್ಡು ಹಾಳಾಗಬಾರದು ಅಂತ ಹೋಗ್ತಾನೇ ಇರ್ತೀರಾ. ಮುಂಗಡ ಕಟ್ಟಿದ ಮೇಲೇ ಅಜ್ಜಿಗೆ ಮಾತ್ರೆ ನಿಲ್ಸು ಅಂದಿದ್ದು, ಮೊದಲ ದಿನ ಅಲ್ಲ. ಮೊದಲ ದಿನ ಅಂದಿದ್ರೆ ಅಪ್ಪ ಎದ್ದು ಬರ್ತಿದ್ರು.

ಮಾತ್ರೆ ವಿಷಯ ಸ್ಪಷ್ಟವಾಗಿ ಹೇಳ್ತೀನಿ. ಸೂಜಿ ಮಾಡಿಸಿಕೊಳ್ಳಕ್ಕೆ ಶುಗರ್, ಬಿಪಿ, ಫಿಟ್ಸ್, ಥೈರಾಯ್ಡ್ ಮಾತ್ರೆ ಯಾವುದನ್ನೂ ನಿಲ್ಸಬೇಕಾಗಿಲ್ಲ. ನಿಲ್ಸು ಅಂದವನ ಹತ್ರ ಎರಡನೇ ಸಲ ಹೋಗಬೇಡಿ. ಅವನ ಗೋಡೆ ಮೇಲೆ ಎಷ್ಟು ಸರ್ಟಿಫಿಕೇಟ್ ಇದ್ರೂ.

ಕಾಗದ ಕೇಳಕ್ಕೆ ನಮಗೆ ಹಕ್ಕೂ ಇದೆ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಕೆಪಿಎಂಇ ಅಂತಾರೆ. ಅದರಲ್ಲಿ 'ವೈದ್ಯಕೀಯ ಚಿಕಿತ್ಸೆ' ಅಂದ್ರೆ ಏನು ಅಂತ ಹೇಳೋ ಕಡೆ ಅಕ್ಯುಪಂಕ್ಚರ್, ಅಕ್ಯುಪ್ರೆಶರ್ ಎರಡರ ಹೆಸರೂ ಇದೆ. ನೋಂದಣಿ ಬೇಕು, ದರಪಟ್ಟಿ ಕಾಣೋ ಹಾಗೆ ಹಾಕಬೇಕು. ದುಡ್ಡು ಕೊಟ್ಟು ಪಡೆಯೋ ಚಿಕಿತ್ಸೆ ಗ್ರಾಹಕ ಕಾನೂನಿನೊಳಗೆ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಕೇಸ್‌ನಲ್ಲಿ ಹೇಳಿದೆ. ಬಿಸಿನೆಸ್ ಲಾ ಪೇಪರ್‌ಗೆ ನಾವೆಲ್ಲ ಬೈಹಾರ್ಟ್ ಮಾಡಿದ್ವಲ್ಲ ಕಣ್ರೋ, ಅದೇ ಕೇಸ್! ಐದು ಮಾರ್ಕ್ಸ್‌ಗೆ ಬರೆದು, ಮನೆ ವಿಷಯ ಬಂದಾಗ ಒಂದು ಬಿಲ್ ಕೇಳದೆ ಯುಪಿಐ ಮಾಡಿ ಬಂದವಳು ನಾನು.

ಇನ್ನು ಡಾಕ್ಟರ್‌ಗಳಿಗೂ ಒಂದು ಮಾತು, ಯಾರಾದ್ರೂ ಓದ್ತಿದ್ರೆ. ಅಜ್ಜಿ ಯಾಕೆ ಅವನನ್ನ ನಂಬಿದ್ಲು ಅಂತ ಕೇಳ್ದೆ. "ಅವನು ನನ್ನ ಕಾಲು ಮುಟ್ಟಿ ನೋಡಿದ. ಆ ದೊಡ್ಡಾಸ್ಪತ್ರೇಲಿ ಮೂರು ವರ್ಷದಿಂದ ಹೋಗ್ತಿದ್ದೀನಿ, ಯಾರೂ ಮುಟ್ಟಿಲ್ಲ. ಎಕ್ಸ್‌ರೇ ನೋಡ್ತಾರೆ, ಚೀಟಿ ಬರೀತಾರೆ, ಮುಂದಿನವರು ಅಂತಾರೆ." ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಆ 44.2% ಬಂದಿದ್ದೂ ಇಲ್ಲಿಂದಲೇ ಇರಬೇಕು.

8/8

ಲೆಕ್ಕ.

ಕೊಟ್ಟಿದ್ದು 12,000. ಸಿಟ್ಟಿಂಗ್ 20. ಒಂದಕ್ಕೆ 600. ಅಜ್ಜಿ ಹೋಗಿದ್ದು 7, ಅಂದ್ರೆ 4,200. ಮಿಕ್ಕಿದ್ದು 13, ಅಂದ್ರೆ 7,800.

ಅಕೌಂಟ್ಸ್ ಮೇಷ್ಟ್ರು ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದು: ಮುಂಗಡ ಬಂದು ಇನ್ನೂ ಕೆಲಸ ಮಾಡದ ದುಡ್ಡು ಆದಾಯ ಅಲ್ಲ, ಅದು ಬ್ಯಾಲೆನ್ಸ್ ಶೀಟ್‌ನಲ್ಲಿ ಲಯಬಿಲಿಟಿ ಕಡೆ ಕೂರುತ್ತೆ. ಅಂದ್ರೆ ಸಾಲ. ಆ 7,800 ನಮ್ಮಜ್ಜಿಗೆ ಅವರು ಕೊಡಬೇಕಾದ ಸಾಲ. ಆಸ್ಪತ್ರೆ ಖರ್ಚು ನಾನಿಲ್ಲಿ ಸೇರಿಸಿಲ್ಲ, ಅದಕ್ಕೆ ಬೇರೆ ಅರ್ಜಿ ಬರೀತಿದ್ದೀನಿ, ಕ್ಲಾಸ್‌ಮೇಟ್ ಒಬ್ಬಳ ಚಿಕ್ಕಪ್ಪ ವಕೀಲರು, ನೋಡಿಕೊಡ್ತೀನಿ ಅಂದಿದ್ದಾರೆ.

ಸೆಂಟರ್ ಹೆಸರು ಕೇಳಿ ಡಿಎಂ ಮಾಡಬೇಡಿ, ಹೇಳಲ್ಲ. ಹೆಸರು ಹೇಳಿದ್ರೆ ಅದೊಂದರ ಜಗಳ ಆಗುತ್ತೆ, ನಿಮ್ಮ ಬೀದೀಲಿ ಇರೋದು ತಪ್ಪಿಸಿಕೊಳ್ಳುತ್ತೆ. ನೀವು ಮಾಡಬೇಕಾದ್ದು ಬೇರೆ: ಯುಗಾದಿಯಲ್ಲಿ ಶೇರ್ ಮಾಡಿದ್ದು ಯಾರ್‍ಯಾರಿಗೆ ಹೋಯ್ತು ಅಂತ ನೆನಪು ಮಾಡ್ಕೊಳ್ಳಿ. ಅವರಲ್ಲಿ ಶುಗರ್ ಇರೋ ದೊಡ್ಡಮ್ಮ, ಬಿಪಿ ಇರೋ ಮಾವ ಇದ್ರೆ ಇವತ್ತೇ ಫೋನ್ ಮಾಡಿ, "ಮಾತ್ರೆ ತಗೋತಿದ್ದೀರಾ?" ಅಂತ ಒಂದು ಮಾತು ಕೇಳಿ. ಅಜ್ಜಿಯಂದಿರು ಸುಳ್ಳು ಹೇಳ್ತಾರೆ, ಡಬ್ಬಿ ನೋಡಿ.

ಅಜ್ಜಿ ಈಗ ದಿನಾ ಸಂಜೆ ಕುರ್ಚಿ ಮೇಲೆ ಕೂತು ಕಾಲು ನೀಡಿ ಎತ್ತೋ ವ್ಯಾಯಾಮ ಮಾಡ್ತಾಳೆ, ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದು. ಎಣಿಸೋ ಕೆಲಸ ನಂದು. ಹತ್ತು ಎಣಿಸಿದ್ರೆ ಏಳಕ್ಕೇ ಸಾಕು ಅಂತಾಳೆ. ನಿನ್ನೆ ಮಧ್ಯದಲ್ಲಿ ನಿಲ್ಸಿ ಕೇಳಿದ್ಲು, "ಅಲ್ಲಿ ಮಲಗಿದ್ದಾಗ ನಿದ್ದೆ ಚೆನ್ನಾಗಿ ಬರ್ತಿತ್ತು ಕಣೇ. ಮಾತ್ರೆ ತಗೊಂಡೇ ಹೋದ್ರೆ ಆಗಲ್ವಾ?" ಆಗುತ್ತೆ ಅಜ್ಜಿ, ಬೇರೆ ಕಡೆ, ನಾನೂ ಬರ್ತೀನಿ, ಒಂದೊಂದು ಸಲಕ್ಕೆ ದುಡ್ಡು ಕೊಟ್ಟು, ಅಂದೆ.

7,800ಕ್ಕೆ ಆ ಸೆಂಟರ್‌ಗೆ ಮಂಗಳವಾರ ಮೆಸೇಜ್ ಹಾಕಿದ್ದೀನಿ, ಲೆಕ್ಕ ಸಮೇತ. ಎರಡು ನೀಲಿ ಟಿಕ್ ಬಿದ್ದಿದೆ. ಉತ್ತರ ಬಂದಿಲ್ಲ.

#ಅಕ್ಯುಪಂಕ್ಚರ್ #ಮಾತ್ರೆಡಬ್ಬಿನೋಡಿ #ಬಿಲ್‌ಕೇಳಿ #ಅಜ್ಜಿಮೊಣಕಾಲು